ಸೇನೆ ಮೊದಲು ಖಾಲಿ ಮಾಡಿಸುವುದು ಎರಡನೇ ಕುರ್ಚಿಯನ್ನು

2005ರ ಫೆಬ್ರುವರಿ 5, ಶನಿವಾರ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಟೋಗೊದ ಅಧ್ಯಕ್ಷ ನ್ಯಾಸಿಂಗ್ಬೆ ಎಯಡೆಮಾ ಚಿಕಿತ್ಸೆಗೆಂದು ವಿದೇಶಕ್ಕೆ ಹೊರಟಿದ್ದರು. ವಿಮಾನದಲ್ಲೇ ಪ್ರಾಣ ಹೋಯಿತು. 38 ವರ್ಷ ಒಂದೇ ಸಮನೆ ಆಳಿದ ಮನುಷ್ಯ. ಅವರ ನಂತರ ಯಾರು ಎಂಬುದಕ್ಕೆ ಆ ದೇಶದ ಸಂವಿಧಾನದಲ್ಲಿ ಸ್ಪಷ್ಟ ಉತ್ತರವೇ ಇತ್ತು. ಸಂಸತ್ತಿನ ಸ್ಪೀಕರ್ ಹಂಗಾಮಿಯಾಗಿ ಅಧಿಕಾರ ವಹಿಸಿಕೊಳ್ಳಬೇಕು, 60 ದಿನಗಳೊಳಗೆ ಚುನಾವಣೆ ನಡೆಯಬೇಕು.

ಸ್ಪೀಕರ್ ಫಂಬಾರೆ ವತ್ತಾರಾ ನಚಾಬಾ ಆ ಹೊತ್ತಿಗೆ ದೇಶದಲ್ಲಿರಲಿಲ್ಲ. ಯುರೋಪಿನಿಂದ ಊರಿಗೆ ಮರಳುವ ದಾರಿಯಲ್ಲಿದ್ದರು. ಸೇನೆ ಗಡಿಗಳನ್ನೆಲ್ಲ ಮುಚ್ಚಿತು. ನಚಾಬಾ ಕೂತಿದ್ದ ವಿಮಾನಕ್ಕೆ ರಾಜಧಾನಿ ಲೊಮೆಯಲ್ಲಿ ಇಳಿಯಲು ಆಗಲಿಲ್ಲ. ಪಕ್ಕದ ಬೆನಿನ್ ದೇಶದ ಕೊಟೊನೂಗೆ ಹೋಗಿ ಇಳಿಯಿತು. ಇತ್ತ ಸೇನಾ ಮುಖ್ಯಸ್ಥ ಜನರಲ್ ಜಕಾರಿ ನಾಂಜಾ ಘೋಷಿಸಿದರು: ಸ್ಪೀಕರ್ ದೇಶದಲ್ಲಿಲ್ಲ, ಅಧಿಕಾರದ ಜಾಗ ಬರಿದಾಗಿರಬಾರದು, ಆದ್ದರಿಂದ ದಿವಂಗತರ ಮಗ ಫೋರ್ ನ್ಯಾಸಿಂಗ್ಬೆ ಇನ್ನು ಮುಂದೆ ಅಧ್ಯಕ್ಷ.

ಹೊರಗಿನಿಂದ ಚಿಲಕ ಹಾಕಿದವನೇ ಯಜಮಾನರು ಮನೆಯಲ್ಲಿಲ್ಲ ಎಂದ ಹಾಗಿತ್ತು.

ಮರುದಿನ ಭಾನುವಾರವಾದರೂ ಸಂಸತ್ತು ಸೇರಿತು. ನಚಾಬಾರನ್ನು ಸ್ಪೀಕರ್ ಸ್ಥಾನದಿಂದ ಇಳಿಸಿ, ಆ ಜಾಗಕ್ಕೆ ಫೋರ್ ಅವರನ್ನು ಆರಿಸಿ, ಹಂಗಾಮಿ ಅಧ್ಯಕ್ಷರು ಹಿಂದಿನವರ ಉಳಿದ ಅವಧಿಯನ್ನು ಪೂರ್ತಿ ಆಳಬಹುದು ಎಂದು ಸಂವಿಧಾನವನ್ನೂ ತಿದ್ದಿತು. ಸೋಮವಾರ ಪ್ರಮಾಣವಚನ. ಸೇನೆ ಶನಿವಾರ ಮಾಡಿದ್ದಕ್ಕೆ ಭಾನುವಾರ ಕಾನೂನಿನ ಅಂಗಿ ಹೊಲಿದದ್ದೂ ಆಯಿತು.

ಸೇನಾ ದಂಗೆ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಬೀದಿಗಿಳಿದ ಟ್ಯಾಂಕು, ಟಿ.ವಿ. ಕೇಂದ್ರದಲ್ಲಿ ಸಾಲಾಗಿ ನಿಂತ ಸಮವಸ್ತ್ರದವರು, ಯಾರೋ ಒಬ್ಬ ಕರ್ನಲ್ ತಡವರಿಸುತ್ತ ಓದುವ ಹಾಳೆ. ಅದೆಲ್ಲ ಇರುವುದು ಹೌದು. ಆದರೆ ಅಧ್ಯಕ್ಷರನ್ನು ಇಳಿಸುವುದು ಇದರಲ್ಲಿ ಸುಲಭದ ಭಾಗ. ಎಷ್ಟೋ ಸಲ ಅಷ್ಟು ಹೊತ್ತಿಗೆ ಅವರು ಜನರಿಗೆ ಬೇಡವಾಗಿರುತ್ತಾರೆ. ಕೆಲವೊಮ್ಮೆ ತಾವೇ ರಾಜೀನಾಮೆ ಬರೆದಿರುತ್ತಾರೆ. ಟೋಗೊದಲ್ಲಿ ಆದಂತೆ ತೀರಿಯೂ ಹೋಗಿರುತ್ತಾರೆ. ಇಷ್ಟರಿಂದ ಸಂವಿಧಾನಕ್ಕೆ ಏನೂ ಧಕ್ಕೆಯಿಲ್ಲ. ಅಧ್ಯಕ್ಷರಾದವರು ಸಾಯಬಹುದು, ಓಡಿಹೋಗಬಹುದು, ತಲೆ ಕೆಟ್ಟು ಕೂರಬಹುದು ಎಂಬುದನ್ನು ಅದನ್ನು ಬರೆದವರು ಊಹಿಸಿಯೇ ಹಿಂದೆ ಇನ್ನೊಂದು ಕುರ್ಚಿ ಹಾಕಿಟ್ಟಿರುತ್ತಾರೆ. ಉಪಾಧ್ಯಕ್ಷ, ಸ್ಪೀಕರ್, ಮೇಲ್ಮನೆಯ ಮುಖ್ಯಸ್ಥ, ಮುಖ್ಯ ನ್ಯಾಯಮೂರ್ತಿ, ಹೀಗೆ ಒಂದೊಂದು ದೇಶದಲ್ಲಿ ಒಬ್ಬೊಬ್ಬರು. ಆ ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೂತಿರುವವರೆಗೆ ಸೇನೆಗೆ ದಾರಿಯಿಲ್ಲ. ಹಾಗಾಗಿ ನಿಜವಾದ ಕೆಲಸ ನಡೆಯುವುದು ಅಲ್ಲಿ. ಮುಖಪುಟದ ಫೋಟೊದಲ್ಲಿ ಮಾತ್ರ ಅದು ಬರುವುದಿಲ್ಲ.

ಪಕ್ಕದ ಪಾಕಿಸ್ತಾನದ್ದೇ ಉದಾಹರಣೆ ನೋಡಿ. ಅಯೂಬ್ ಖಾನ್ 1962ರಲ್ಲಿ ಆ ದೇಶಕ್ಕೆ ಒಂದು ಸಂವಿಧಾನ ಕೊಟ್ಟರು. ಕೊಟ್ಟರು ಎನ್ನುವುದು ಅಕ್ಷರಶಃ ನಿಜ. ಬರೆಸಿದವರು, ಜಾರಿಗೆ ತಂದವರು, ಅದರಡಿ ಅಧ್ಯಕ್ಷರಾಗಿ ಕೂತವರು ಎಲ್ಲ ಅವರೇ. ಅಧ್ಯಕ್ಷರು ರಾಜೀನಾಮೆ ಕೊಡುವುದಾದರೆ ನ್ಯಾಷನಲ್ ಅಸೆಂಬ್ಲಿಯ ಸ್ಪೀಕರ್‌ಗೆ ಪತ್ರ ಬರೆಯಬೇಕು, ಹೊಸಬರು ಬರುವವರೆಗೆ ಆ ಸ್ಪೀಕರ್ ಅಧ್ಯಕ್ಷರ ಕೆಲಸ ನೋಡಿಕೊಳ್ಳಬೇಕು ಎಂದು ಅದರಲ್ಲಿತ್ತು. 1968ರ ಕೊನೆಯಿಂದ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದರು. ಎರಡೂ ಪಾಕಿಸ್ತಾನಗಳಲ್ಲಿ ಅಯೂಬ್ ಬೇಡವಾದರು. ಅವರು ಕೊನೆಗೂ ಪತ್ರ ಬರೆದರು, ತಾರೀಖು 1969ರ ಮಾರ್ಚ್ 24. ವಿಳಾಸ ಮಾತ್ರ ಸ್ಪೀಕರ್‌ದಲ್ಲ, ಸೇನೆಯ ಮಹಾದಂಡನಾಯಕ ಜನರಲ್ ಯಾಹ್ಯಾ ಖಾನ್ ಅವರದು. ಮರುದಿನ ಮಿಲಿಟರಿ ಕಾನೂನು ಬಂತು, ಸಂವಿಧಾನ ರದ್ದಾಯಿತು. ಆ ತಿಂಗಳು ಮುಗಿಯುವುದರೊಳಗೆ ಯಾಹ್ಯಾ ಅಧ್ಯಕ್ಷರೂ ಆದರು.

ಆಗ ಸ್ಪೀಕರ್ ಆಗಿದ್ದವರು ಅಬ್ದುಲ್ ಜಬ್ಬಾರ್ ಖಾನ್, ಪೂರ್ವ ಪಾಕಿಸ್ತಾನದ ಬಾರಿಸಾಲ್ ಕಡೆಯ ಬಂಗಾಳಿ. ಅಯೂಬ್ ತಮ್ಮದೇ ಪುಸ್ತಕದ ಪ್ರಕಾರ ನಡೆದಿದ್ದರೆ ದೇಶ ಒಡೆಯುವ ಅಂಚಿನಲ್ಲಿದ್ದ ಆ ಹೊತ್ತಿನಲ್ಲಿ ಒಬ್ಬ ಬಂಗಾಳಿ ರಾಷ್ಟ್ರದ ಮುಖ್ಯಸ್ಥನ ಜಾಗದಲ್ಲಿ ಕೂರುತ್ತಿದ್ದರು. ಅದರಿಂದ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಜಬ್ಬಾರ್ ಖಾನ್ ಅಯೂಬರ ಪಾಳಯದವರೇ. ಆದರೂ ಲಕೋಟೆಯ ಮೇಲಿನ ಒಂದು ವಿಳಾಸ ಬದಲಾದದ್ದರಿಂದ ಏನೇನಾಯಿತು ಎಂದು ನೋಡಬೇಕು. ಯಾಹ್ಯಾ ಅಧಿಕಾರ ಹಿಡಿದದ್ದು 1969ರ ಮಾರ್ಚ್ 25ರಂದು. ಸರಿಯಾಗಿ ಎರಡು ವರ್ಷಕ್ಕೆ, 1971ರ ಮಾರ್ಚ್ 25ರ ರಾತ್ರಿ, ಅವರ ಸೇನೆ ಢಾಕಾದ ಬೀದಿಗಳಿಗೆ ನುಗ್ಗಿತು.

ಈ ಕತೆಗೆ ನ್ಯಾಯಾಲಯದ ಒಂದು ಕವಲು ಇದೆ. 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ತಾವೇ ಸಂವಿಧಾನ ರದ್ದುಮಾಡಿ, ಅಯೂಬ್ ಖಾನ್ ಅವರನ್ನು ಮಿಲಿಟರಿ ಆಡಳಿತಗಾರರನ್ನಾಗಿ ನೇಮಿಸಿದ್ದರು. ಇದು ಸರಿಯೇ ಎಂಬ ಪ್ರಶ್ನೆ ಡೋಸ್ಸೊ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಮುಖ್ಯ ನ್ಯಾಯಮೂರ್ತಿ ಮುನೀರ್ ಅವರು ಆಸ್ಟ್ರಿಯಾ ಮೂಲದ ನ್ಯಾಯಶಾಸ್ತ್ರಜ್ಞ ಹಾನ್ಸ್ ಕೆಲ್ಸನ್ ಅವರ ಸಿದ್ಧಾಂತವನ್ನು ಆಧಾರ ಮಾಡಿಕೊಂಡು ತೀರ್ಪು ಕೊಟ್ಟರು. ಅದರ ತಿರುಳು ಇಷ್ಟೇ: ಕ್ರಾಂತಿ ಗೆದ್ದರೆ ಅದೇ ಹೊಸ ಕಾನೂನು. ತೀರ್ಪು ಬಂದ ದಿನ ಅಕ್ಟೋಬರ್ 27. ಅದೇ ರಾತ್ರಿ ಅಯೂಬ್ ಕಳಿಸಿದ ಜನರಲ್‌ಗಳು ಮಿರ್ಜಾ ಅವರ ಮನೆಗೆ ಹೋಗಿ ರಾಜೀನಾಮೆ ಬರೆಸಿಕೊಂಡರು. ಮಿರ್ಜಾ ದೇಶ ಬಿಟ್ಟು ಲಂಡನ್ ಸೇರಿದರು. ಗೆದ್ದದ್ದೆಲ್ಲ ಕಾನೂನು ಎಂದು ಬೆಳಗ್ಗೆ ಒಪ್ಪಿದ ಮೇಲೆ ಸಂಜೆ ಮತ್ತೊಬ್ಬ ಗೆದ್ದರೆ ಯಾರಿಗೆ ದೂರು ಕೊಡುವುದು?

ಅದನ್ನು ತಿದ್ದಿದ್ದು 1972ರ ಏಪ್ರಿಲ್‌ನಲ್ಲಿ. ಇಪ್ಪತ್ತರ ಹರೆಯದ ಅಸ್ಮಾ ಜಿಲಾನಿ (ಮುಂದೆ ಮಾನವ ಹಕ್ಕುಗಳ ವಕೀಲೆ ಅಸ್ಮಾ ಜಹಾಂಗೀರ್ ಎಂದು ಜಗತ್ತಿಗೆ ಗೊತ್ತಾದವರು) ಮಿಲಿಟರಿ ಕಾನೂನಿನಡಿ ಬಂಧನದಲ್ಲಿದ್ದ ತಂದೆಯನ್ನು ಬಿಡಿಸಲು ಹೂಡಿದ ಮೊಕದ್ದಮೆ ಅದು. ಡೋಸ್ಸೊ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಧ್ಯಕ್ಷರ ಅಧಿಕಾರವೆಂಬುದು ಅಯೂಬ್ ತಮಗೆ ಬೇಕಾದವರಿಗೆ ಬರೆದುಕೊಡಬಹುದಾದ ಆಸ್ತಿಯಲ್ಲ, ಯಾಹ್ಯಾ ಅಧಿಕಾರ ಕಬಳಿಸಿದವರು ಎಂದೂ ಹೇಳಿತು. ಒಳ್ಳೆಯ ತೀರ್ಪು. ಆದರೆ ಅಷ್ಟರಲ್ಲಿ ಬಾಂಗ್ಲಾದೇಶ ಹುಟ್ಟಿಯಾಗಿತ್ತು, ಯಾಹ್ಯಾ ಅಧಿಕಾರ ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. ಕುರ್ಚಿಯಲ್ಲಿದ್ದಾಗ ಸಿಗದ ಈ ಬಿರುದು ಕುರ್ಚಿ ಹೋದ ಮೇಲೆ ಸಿಕ್ಕಿತು.

ಮುಷರಫ್ ಅವರ ಕಾಲಕ್ಕೆ ಕುಶಲತೆ ಇನ್ನೂ ಹೆಚ್ಚಿತ್ತು. 1999ರ ಅಕ್ಟೋಬರ್‌ನಲ್ಲಿ ಪ್ರಧಾನಿ ನವಾಜ್ ಷರೀಫ್ ಅವರನ್ನು ಇಳಿಸಿದರೂ ಅಧ್ಯಕ್ಷ ರಫೀಕ್ ತರಾರ್ ಅವರನ್ನು ಹಾಗೇ ಬಿಟ್ಟಿದ್ದರು. 2001ರ ಜೂನ್ 20ರಂದು, ಆಗ್ರಾ ಶೃಂಗಸಭೆಗೆ ಇನ್ನು ಒಂದು ತಿಂಗಳೂ ಇಲ್ಲದಾಗ, ಅಧ್ಯಕ್ಷರ ಉತ್ತರಾಧಿಕಾರದ ಆದೇಶ ಎಂಬ ಹೆಸರಿನಲ್ಲೇ ಒಂದು ಆದೇಶ ಹೊರಡಿಸಿ ತಾವೇ ಅಧ್ಯಕ್ಷರಾದರು. ತಾಜ್‌ಮಹಲಿನ ಮುಂದೆ ಹೆಂಡತಿಯೊಡನೆ ಫೋಟೊ ತೆಗೆಸಿಕೊಂಡದ್ದು ಆ ಹೊಸ ಹುದ್ದೆಯಲ್ಲಿ.

ಅಲ್ಜೀರಿಯಾದಲ್ಲಿ ನಡೆದದ್ದು ಇವೆಲ್ಲಕ್ಕಿಂತ ನಯವಾದ ಕೆಲಸ. 1991ರ ಡಿಸೆಂಬರ್ 26ರಂದು ನಡೆದ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಇಸ್ಲಾಮಿಕ್ ಸಾಲ್ವೇಷನ್ ಫ್ರಂಟ್ 188 ಸ್ಥಾನ ಗೆದ್ದಿತು. ಎರಡನೇ ಸುತ್ತು ಜನವರಿ 16ಕ್ಕೆ. ಅದೂ ಮುಗಿದರೆ ಸರ್ಕಾರ ಅವರದೇ ಎಂದು ಜನರಲ್‌ಗಳಿಗೆ ಖಾತ್ರಿಯಾಯಿತು. ಜನವರಿ 11ರ ರಾತ್ರಿ ಅಧ್ಯಕ್ಷ ಶಾದ್ಲಿ ಬೆಂಜೆದಿದ್ ಟಿ.ವಿ.ಯಲ್ಲಿ ರಾಜೀನಾಮೆ ಕೊಟ್ಟರು. ಸಂವಿಧಾನದಂತೆ ಸಂಸತ್ತಿನ ಸ್ಪೀಕರ್ ಬರಬೇಕು. ಆಗ ಹೊರಬಿತ್ತು, ಜನವರಿ 4ರ ತಾರೀಖು ಹೊತ್ತ ಒಂದು ಆದೇಶ: ಸಂಸತ್ತು ವಿಸರ್ಜನೆಯಾಗಿದೆ. ಸಂಸತ್ತೇ ಇಲ್ಲದ ಮೇಲೆ ಸ್ಪೀಕರ್ ಎಲ್ಲಿ? ಸಂಸತ್ತು ಇಲ್ಲದಿರುವಾಗ ಅಧ್ಯಕ್ಷರು ಸತ್ತರೆ ಸಾಂವಿಧಾನಿಕ ಮಂಡಳಿಯ ಮುಖ್ಯಸ್ಥರು ಅಧಿಕಾರ ವಹಿಸಬೇಕು ಎಂದು ಸಂವಿಧಾನದಲ್ಲಿತ್ತು. ಆದರೆ ಬೆಂಜೆದಿದ್ ಸತ್ತಿರಲಿಲ್ಲ, ರಾಜೀನಾಮೆ ಕೊಟ್ಟಿದ್ದರು. ಸಂಸತ್ತಿನ ವಿಸರ್ಜನೆ, ಅಧ್ಯಕ್ಷರ ರಾಜೀನಾಮೆ ಎರಡೂ ಒಟ್ಟಿಗೆ ಆದರೆ ಏನೆಂದು ಯಾರೂ ಬರೆದಿಟ್ಟಿರಲಿಲ್ಲ. ಮಂಡಳಿಯ ಮುಖ್ಯಸ್ಥರು ಇದು ತಮಗೆ ಸೇರಿದ್ದಲ್ಲ ಎಂದು ಕೈಯೆತ್ತಿದರು. ಸಂವಿಧಾನದಲ್ಲಿ ಹೆಸರೇ ಇಲ್ಲದ ಉನ್ನತ ರಾಜ್ಯ ಮಂಡಳಿ ಎಂಬುದೊಂದು ಹುಟ್ಟಿಕೊಂಡಿತು. ರಕ್ಷಣಾ ಸಚಿವ ಜನರಲ್ ಖಾಲೆದ್ ನೆಝಾರ್ ಅದರಲ್ಲಿ ಕೂತರು.

ಕಾನೂನು ಓದಿದ ಯಾರಿಗಾದರೂ ಇದರ ಹಿಂದಿನ ಕೈಚಳಕ ಗೊತ್ತಾಗುತ್ತದೆ. ಸಂವಿಧಾನದಲ್ಲಿ ತೂತು ಎಲ್ಲಿದೆ ಎಂದು ಹುಡುಕಿ, ಅಧ್ಯಕ್ಷರನ್ನು ಸರಿಯಾಗಿ ಅದರ ಮೂಲಕವೇ ಹೊರಗೆ ಕಳಿಸಿದ್ದರು. ಮಂಡಳಿಯ ಮುಖಕ್ಕೆಂದು ಮೊರಾಕ್ಕೊದಿಂದ ಕರೆತಂದ ಹಳೆಯ ಸ್ವಾತಂತ್ರ್ಯ ಹೋರಾಟಗಾರ ಮೊಹಮ್ಮದ್ ಬೂದಿಯಾಫ್ ಆರು ತಿಂಗಳೂ ಉಳಿಯಲಿಲ್ಲ. ಜೂನ್ 29ರಂದು ಅನಾಬಾ ನಗರದ ವೇದಿಕೆಯಲ್ಲಿ ಭಾಷಣ ಮಾಡುತ್ತಿದ್ದಾಗ ಅವರದೇ ಕಾವಲು ಪಡೆಯ ಅಧಿಕಾರಿ ಗುಂಡಿಟ್ಟ. ಆಮೇಲಿನ ಅಂತರ್ಯುದ್ಧದಲ್ಲಿ ಸತ್ತವರು ಲಕ್ಷದ ಮೇಲೆ.

ಇತ್ತೀಚಿನದಕ್ಕೆ ಬರೋಣ. 2020ರಿಂದೀಚೆಗೆ ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್, ಗ್ಯಾಬೊನ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು 2025ರ ಅಕ್ಟೋಬರ್‌ನ ಮಡಗಾಸ್ಕರ್. ಅಲ್ಲಿ ಎರಡನೇ ಕುರ್ಚಿಯ ಕಾಲು ಮೊದಲು ಮುರಿದದ್ದು ಸೇನೆ ಇನ್ನೂ ಬ್ಯಾರಕ್ಕಿನಲ್ಲಿದ್ದಾಗ, ಮುಂದೆ ಅದೇ ಸೇನೆಯಿಂದ ಓಡಿಹೋಗಬೇಕಾದ ಅಧ್ಯಕ್ಷರ ಕಾಲದಲ್ಲೇ.

ಅವರ ಹೆಸರು ಆಂಡ್ರಿ ರಜೊಯೆಲಿನಾ. ಹಿಂದೆ ಡಿಸ್ಕ್ ಜಾಕಿ, ಆಮೇಲೆ ರಾಜಧಾನಿ ಅಂಟನನರಿವೊದ ಮೇಯರ್. 2009ರಲ್ಲಿ ಅಧ್ಯಕ್ಷ ಮಾರ್ಕ್ ರಾವಲೊಮನಾನಾ ವಿರುದ್ಧ ಬೀದಿಗಿಳಿದರು. ಆ ಮಾರ್ಚ್‌ನಲ್ಲಿ ಕ್ಯಾಪ್ಸಾಟ್ ಎಂಬ ಸೇನಾ ಘಟಕ ಬಂಡೆದ್ದು ಅವರ ಬೆನ್ನಿಗೆ ನಿಂತಿತು. ಹೆಸರು ಕೇಳಿದರೆ ಕಮಾಂಡೊ ಪಡೆ ಅನ್ನಿಸುತ್ತದೆ. ಅಲ್ಲ, ಭೂಸೇನೆಯ ಸಿಬ್ಬಂದಿ ಆಡಳಿತ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಘಟಕ, ನಮ್ಮ ಮಾತಿನಲ್ಲಿ ಕಡತ ಮತ್ತು ಉಗ್ರಾಣದ ಪಡೆ. ರಾವಲೊಮನಾನಾ ಕೂಡ ಅಯೂಬ್ ಮಾಡಿದ್ದನ್ನೇ ಮಾಡಿದರು: ಸಂವಿಧಾನ ಹೇಳಿದ ಸೆನೆಟ್ ಅಧ್ಯಕ್ಷರಿಗೆ ಅಧಿಕಾರ ಒಪ್ಪಿಸುವ ಬದಲು ಸೇನೆಯ ಹಿರಿಯ ಅಧಿಕಾರಿಗಳಿಗೆ ಬರೆದುಕೊಟ್ಟರು. ಅಧಿಕಾರಿಗಳು ಅದನ್ನು ರಜೊಯೆಲಿನಾಗೆ ದಾಟಿಸಿದರು. ಅಧ್ಯಕ್ಷರಾಗಲು ಸಂವಿಧಾನದಂತೆ 40 ವರ್ಷ ಆಗಿರಬೇಕು. ಅವರಿಗೆ ಆಗ 34. ಉನ್ನತ ಸಾಂವಿಧಾನಿಕ ನ್ಯಾಯಾಲಯ ಮರುದಿನವೇ ಎಲ್ಲಕ್ಕೂ ಮುದ್ರೆ ಒತ್ತಿತು.

2023ಕ್ಕೆ ಬನ್ನಿ. ಈ ನಡುವೆ ಚುನಾವಣೆ ಗೆದ್ದು ಅಧ್ಯಕ್ಷರಾಗಿದ್ದ ರಜೊಯೆಲಿನಾ ಮತ್ತೆ ಸ್ಪರ್ಧಿಸಲೆಂದು ಸೆಪ್ಟೆಂಬರ್‌ನಲ್ಲಿ ನಿಯಮದಂತೆ ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿಯುವವರೆಗೆ ಸೆನೆಟ್ ಅಧ್ಯಕ್ಷ ಹೆರಿಮನಾನಾ ರಜಾಫಿಮಹೆಫಾ ಹಂಗಾಮಿಯಾಗಿ ಆಳಬೇಕಿತ್ತು. ವೈಯಕ್ತಿಕ ಕಾರಣದಿಂದ ಒಲ್ಲೆ ಎಂದು ಅವರಿಂದ ಪತ್ರ ಬಂತು. ಆಳ್ವಿಕೆ ರಜೊಯೆಲಿನಾ ಅವರದೇ ಪ್ರಧಾನಿ, ಅವರದೇ ಮಂತ್ರಿಗಳ ಕೈಗೆ ಹೋಯಿತು. ತಿಂಗಳು ಕಳೆದ ಮೇಲೆ ರಜಾಫಿಮಹೆಫಾ ಬಾಯಿಬಿಟ್ಟರು: ತಾವಾಗಿ ಒಲ್ಲೆ ಎಂದದ್ದಲ್ಲ, ಜೀವಬೆದರಿಕೆ ಇತ್ತು, ಈಗ ಅಧಿಕಾರ ವಹಿಸಿಕೊಳ್ಳಲು ಸಿದ್ಧ. ಕೆಲವೇ ದಿನಗಳಲ್ಲಿ ಸೆನೆಟ್ ಅವರನ್ನೇ ಪದಚ್ಯುತಗೊಳಿಸಿ ಆ ಜಾಗಕ್ಕೆ ನಿವೃತ್ತ ಜನರಲ್ ರಿಚರ್ಡ್ ರಾವಲೊಮನಾನಾ ಅವರನ್ನು ತಂದಿತು (ಹಳೆಯ ಅಧ್ಯಕ್ಷರಿಗೂ ಇವರಿಗೂ ಹೆಸರಷ್ಟೇ ಒಂದು). ಹಂಗಾಮಿ ಅಧ್ಯಕ್ಷಗಿರಿಯೂ ಅವರಿಗೇ ಹೋಯಿತು. ಒಂದೇ ಒಂದು ಗುಂಡು ಹಾರಲಿಲ್ಲ, ಸೇನೆ ಬೀದಿಗಿಳಿಯಲಿಲ್ಲ. ಆದರೆ ಎರಡನೇ ಕುರ್ಚಿ ಎಂದರೆ ಬೇಕಾದಾಗ ಎಳೆದು ಬೇಡದಾಗ ಮಡಚಿಡುವ ವಸ್ತು ಎಂಬುದು ಎಲ್ಲರಿಗೂ ತಿಳಿದುಹೋಯಿತು.

2025ರ ಸೆಪ್ಟೆಂಬರ್ 25ರಂದು ನೀರಿಲ್ಲ, ಕರೆಂಟಿಲ್ಲ ಎಂದು ರಾಜಧಾನಿಯ ಯುವಕರು ಬೀದಿಗೆ ಬಂದರು. ಜಿರಾಮಾ ಎಂಬ ಸರ್ಕಾರಿ ಕಂಪನಿ ಅಲ್ಲಿ ನೀರು ಮತ್ತು ವಿದ್ಯುತ್ ಎರಡನ್ನೂ ಕೊಡುತ್ತದೆ, ಅಥವಾ ಕೊಡುವುದಿಲ್ಲ. ಪೊಲೀಸರು ಗುಂಡು ಹಾರಿಸಿದರು. ಮೊದಲ ದಿನಗಳಲ್ಲೇ ಕನಿಷ್ಠ 22 ಜನ ಸತ್ತರೆಂದು ವಿಶ್ವಸಂಸ್ಥೆ ಹೇಳಿತು. ರಜೊಯೆಲಿನಾ ಮಂತ್ರಿಮಂಡಲವನ್ನೇ ವಜಾ ಮಾಡಿ ಒಬ್ಬ ಜನರಲ್‌ನನ್ನು ಪ್ರಧಾನಿ ಮಾಡಿದರೂ ಗಲಾಟೆ ತಣ್ಣಗಾಗಲಿಲ್ಲ. ಅಕ್ಟೋಬರ್ 11ರಂದು ಅದೇ ಕ್ಯಾಪ್ಸಾಟ್, 16 ವರ್ಷದ ಹಿಂದೆ ರಜೊಯೆಲಿನಾರನ್ನು ಏರಿಸಿದ ಅದೇ ಪಡೆ, ಜನರ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ಹೇಳಿ ಮೆರವಣಿಗೆಯೊಡನೆ ಊರೊಳಗೆ ಬಂತು. ಅಧ್ಯಕ್ಷರು ದೇಶ ಬಿಟ್ಟರು.

ಆಮೇಲಿನ ಎರಡು ಮೂರು ದಿನಗಳಲ್ಲಿ ಬೀದಿಗಿಂತ ಕಾಗದದ ಮೇಲೇ ಹೆಚ್ಚು ಓಡಾಟ. ಸೆನೆಟ್ ತನ್ನ ಅಧ್ಯಕ್ಷ ಜನರಲ್ ರಾವಲೊಮನಾನಾರನ್ನು ಕೆಳಗಿಳಿಸಿತು. ಅಜ್ಞಾತ ಸ್ಥಳದಿಂದ ರಜೊಯೆಲಿನಾ ಕೆಳಮನೆಯನ್ನು ವಿಸರ್ಜಿಸಿ ಆದೇಶ ಹೊರಡಿಸಿದರು. ಕೆಳಮನೆ ಅದಕ್ಕೆ ಸೊಪ್ಪು ಹಾಕದೆ ಅಕ್ಟೋಬರ್ 14ರಂದು ಸೇರಿ, 130 ಮತಗಳಿಂದ ಅವರನ್ನೇ ಪದಚ್ಯುತಗೊಳಿಸಿತು. ಸ್ವಲ್ಪ ಹೊತ್ತಿನಲ್ಲೇ ಕ್ಯಾಪ್ಸಾಟ್‌ನ ಕರ್ನಲ್ ಮೈಕೆಲ್ ರಂದ್ರಿಯಾನಿರಿನಾ ಅರಮನೆಯ ಮುಂದೆ ನಿಂತು ಘೋಷಣೆ ಓದಿದರು: ಅಧಿಕಾರ ಸೇನೆಯದು, ಕೆಳಮನೆಯೊಂದನ್ನು ಬಿಟ್ಟು ಸೆನೆಟ್, ಚುನಾವಣಾ ಆಯೋಗ, ಸಾಂವಿಧಾನಿಕ ನ್ಯಾಯಾಲಯ ಎಲ್ಲ ಬಂದ್. ಆ ನ್ಯಾಯಾಲಯವೋ, ಅದೇ ದಿನಾಂಕದ ತೀರ್ಪಿನಲ್ಲಿ ಅಧ್ಯಕ್ಷರ ಸ್ಥಾನ ತೆರವಾಗಿದೆ ಎಂದು ದಾಖಲಿಸಿ, ರಾಷ್ಟ್ರದ ಮುಖ್ಯಸ್ಥರ ಕೆಲಸ ವಹಿಸಿಕೊಳ್ಳಿ ಎಂದು ಆ ಕರ್ನಲ್‌ರನ್ನೇ ಆಹ್ವಾನಿಸಿತು. ಅಕ್ಟೋಬರ್ 17ರಂದು ಅವರು ಸಮವಸ್ತ್ರ ಬಿಟ್ಟು ಸೂಟು ತೊಟ್ಟು, ತಾವೇ ಬಂದ್ ಎಂದಿದ್ದ ನ್ಯಾಯಾಲಯದ ಎದುರು ಪ್ರಮಾಣವಚನ ಸ್ವೀಕರಿಸಿದರು. ಸಂವಿಧಾನದ ಲೆಕ್ಕದಲ್ಲಿ ಚುನಾವಣೆಗೆ 60 ದಿನ. ಕರ್ನಲ್ ಲೆಕ್ಕದಲ್ಲಿ ಎರಡು ವರ್ಷದವರೆಗೆ.

ಬಂದೂಕು ಕೈಯಲ್ಲಿದ್ದವರಿಗೆ ಈ ಮುದ್ರೆಯ ಹಂಬಲ ಯಾಕೆ? ನಾಚಿಕೆಯಿಂದ ಎಂದು ಕೆಲವರು ಹೇಳುವುದುಂಟು, ನನಗೆ ಹಾಗನ್ನಿಸುವುದಿಲ್ಲ. ಮೊದಲನೆಯದು ದುಡ್ಡು. ಕೇಂದ್ರೀಯ ಬ್ಯಾಂಕಿನ ವಿದೇಶಿ ಖಾತೆಗೆ ಯಾರ ಸಹಿ ನಡೆಯುತ್ತದೆ, ಹಳೆಯ ಸಾಲದ ಮುಂದಿನ ಕಂತು ಯಾರ ಹೆಸರಿಗೆ ಬರುತ್ತದೆ, ರಾಯಭಾರಿಗಳು ಯಾರಿಗೆ ಅಧಿಕಾರ ಪತ್ರ ಒಪ್ಪಿಸುತ್ತಾರೆ ಎಂಬುದೆಲ್ಲ ಒಂದು ಕಾಗದದ ಮೇಲೆ ನಿಂತಿದೆ. ಸಂಬಳ ಕೊಡಲಾಗದ ಜನರಲ್ ಹೆಚ್ಚು ದಿನ ಜನರಲ್ ಆಗಿರುವುದಿಲ್ಲ. ಇನ್ನೊಂದು, ಪಕ್ಕದ ಬ್ಯಾರಕ್ಕಿನ ಕರ್ನಲ್. ಬಂದೂಕೇ ಹಕ್ಕು ಎಂದರೆ ಅವನ ಬಳಿಯೂ ಬಂದೂಕಿದೆ. ಬುರ್ಕಿನಾ ಫಾಸೊದಲ್ಲಿ 2022ರ ಜನವರಿಯಲ್ಲಿ ಅಧಿಕಾರ ಹಿಡಿದ ಲೆಫ್ಟಿನೆಂಟ್ ಕರ್ನಲ್ ದಮೀಬಾ ಅವರನ್ನು ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಕ್ಯಾಪ್ಟನ್ ಇಬ್ರಾಹಿಂ ತ್ರವೋರೆ ಇಳಿಸಿದರು. ಕೋರ್ಟಿನ ಮುದ್ರೆ ಇದ್ದರೆ ಎರಡನೆಯವನು ದಂಗೆಕೋರ, ಮೊದಲನೆಯವನು ಸರ್ಕಾರ.

ನ್ಯಾಯಾಧೀಶರು ಒಪ್ಪುವುದೇಕೆ ಎಂಬ ಪ್ರಶ್ನೆಗೂ ಉತ್ತರ ಕಷ್ಟದ್ದಲ್ಲ. ಒಪ್ಪದಿದ್ದರೆ ಬಾಗಿಲಿಗೆ ಬೀಗ. ಒಪ್ಪಿದರೆ ಕೋರ್ಟು ಉಳಿಯುತ್ತದೆ, ಅದರ ಜೊತೆ ತಾವೂ ಉಳಿಯುತ್ತೇವೆ, ಮುಂದೆ ಎಂದಾದರೂ ನ್ಯಾಯ ಹೇಳಬಹುದು ಎಂಬ ಸಮಾಧಾನ. ಅದು ಪೂರ್ತಿ ಸುಳ್ಳೂ ಅಲ್ಲ ಎಂಬುದೇ ತೊಡಕು. ಅಸ್ಮಾ ಜಿಲಾನಿ ತೀರ್ಪು ಕೊಟ್ಟದ್ದು ಹಾಗೆ ಉಳಿದುಕೊಂಡ ಕೋರ್ಟೇ.

ಆಫ್ರಿಕಾದ ದೇಶಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿದೆ. 2000ನೇ ಇಸವಿಯಲ್ಲಿ ಟೋಗೊದ ಅದೇ ಲೊಮೆಯಲ್ಲಿ ಅವು ಒಂದು ಘೋಷಣೆ ಹೊರಡಿಸಿದವು: ಸಂವಿಧಾನ ಮೀರಿ ಸರ್ಕಾರ ಬದಲಿಸಿದ ದೇಶವನ್ನು ಸಭೆಯಿಂದ ಹೊರಗಿಡುತ್ತೇವೆ. ಆತಿಥೇಯರು ಯಾರು ಬಲ್ಲಿರಾ? ಎಯಡೆಮಾ, 1967ರ ದಂಗೆಯಿಂದ ಅಧಿಕಾರಕ್ಕೆ ಬಂದವರು. ಆ ದೇಶಗಳ ಸಂಘಟನೆಯಾದ ಆಫ್ರಿಕಾ ಒಕ್ಕೂಟದ 2007ರ ಸನ್ನದು ಇನ್ನೂ ಮುಂದೆ ಹೋಗಿ, ದಂಗೆ ಮಾಡಿದವರು ಆ ಬಳಿಕ ನಡೆಯುವ ಚುನಾವಣೆಯಲ್ಲಿ ಸ್ಪರ್ಧಿಸುವಂತಿಲ್ಲ ಎಂದಿತು. ಈಜಿಪ್ಟ್‌ನ ಸಿಸಿ 2014ರಲ್ಲಿ ಸ್ಪರ್ಧಿಸಿ ಗೆದ್ದರು, ಗ್ಯಾಬೊನ್‌ನ ಜನರಲ್ ಒಲಿಗಿ ಎನ್ಗೆಮಾ 2025ರ ಏಪ್ರಿಲ್‌ನಲ್ಲಿ ಗೆದ್ದರು, ಗಿನಿಯ ದುಂಬೂಯಾ ಅದೇ ವರ್ಷದ ಡಿಸೆಂಬರ್‌ನಲ್ಲಿ. ಚಾಡ್ ಕತೆ ಇನ್ನೂ ಕೆಟ್ಟದ್ದು. 2021ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಇದ್ರಿಸ್ ಡೆಬಿ ಸತ್ತಾಗ ಸಂಸತ್ತಿನ ಅಧ್ಯಕ್ಷ ಹರೂನ್ ಕಬಾದಿ ಬರಬೇಕಿತ್ತು. ಅವರು ತಾವಾಗಿ ಹಿಂದೆ ಸರಿದರು ಎಂದು ಹೇಳಿಕೆ ಬಂತು. ಡೆಬಿ ಅವರ 37ರ ಹರೆಯದ ಮಗ, ಜನರಲ್ ಮಹಮತ್, ಮಿಲಿಟರಿ ಮಂಡಳಿ ಕಟ್ಟಿಕೊಂಡು ಕೂತರು. ಆಫ್ರಿಕಾ ಒಕ್ಕೂಟ ಮಾಲಿಯನ್ನು, ಗಿನಿಯನ್ನು ಅಮಾನತು ಮಾಡಿತು, ಚಾಡ್ ಅನ್ನು ಮಾಡಲಿಲ್ಲ. ಅಂತ್ಯಕ್ರಿಯೆಗೆ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರೋನ್ ಖುದ್ದಾಗಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪ್ರದೇಶದ ಉಗ್ರರ ವಿರುದ್ಧದ ಯುದ್ಧಕ್ಕೆ ಚಾಡ್ ಸೈನಿಕರು ಬೇಕಿತ್ತು. ಈ ರಿಯಾಯಿತಿಯನ್ನು ಉಳಿದ ಬ್ಯಾರಕ್ಕುಗಳೂ ನೋಡುತ್ತಿದ್ದವು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಆ ಕುರ್ಚಿಯ ಪರೀಕ್ಷೆ ನಡೆದದ್ದು ನಮಗೆ ನೆನಪೇ ಇಲ್ಲ, ಏನೂ ಆಗಲಿಲ್ಲವಾದ್ದರಿಂದ. ಅಯೂಬ್ ಪತ್ರ ಬರೆದ ಆರು ವಾರಕ್ಕೆ, 1969ರ ಮೇ 3ರಂದು, ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಅವರೂ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರೆ ಮೂರನೆಯವರು ಯಾರು ಎಂಬುದು ಸಂವಿಧಾನದಲ್ಲಿ ಇರಲಿಲ್ಲ, ಅಲ್ಜೀರಿಯಾದಲ್ಲಿದ್ದಂಥದೇ ತೂತು. ಸಂಸತ್ತು ಆ ತಿಂಗಳೇ ಕಾನೂನು ಮಾಡಿ ಮುಖ್ಯ ನ್ಯಾಯಮೂರ್ತಿಯ ಹೆಸರು ಬರೆಯಿತು. ಜುಲೈಯಲ್ಲಿ ಗಿರಿ ಹೊರನಡೆದಾಗ ಹಿದಾಯತುಲ್ಲಾ ಬಂದು ಕೂತರು.

ಇನ್ನೊಂದು ಪರೀಕ್ಷೆ ನಮ್ಮವರದೇ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಚುನಾವಣೆ ಮುಂದಿನ ತಿಂಗಳಿತ್ತು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಇಂದಿರಾ ಸೋತರು, ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿ. ಏಪ್ರಿಲ್‌ನಲ್ಲಿ ಒಂಬತ್ತು ಕಾಂಗ್ರೆಸ್ ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತಕ್ಕೆ ಅವರು ಕೂಡಲೇ ಸಹಿ ಹಾಕದೆ ಇಟ್ಟುಕೊಂಡಾಗ ದೆಹಲಿಯಲ್ಲಿ ದೊಡ್ಡ ಗುಲ್ಲೆದ್ದಿತು, ಕೊನೆಗೆ ಹಾಕಿದರು. ಆ ವಿಳಂಬವನ್ನು ಇಂದಿಗೂ ಟೀಕಿಸುವವರಿದ್ದಾರೆ. ಜತ್ತಿ ಹಂಗಾಮಿಯಾಗಿದ್ದ ಸುಮಾರು ಆರು ತಿಂಗಳ ಜಗಳದಲ್ಲೆಲ್ಲ ಸೇನೆಯ ಹೆಸರೇ ಎತ್ತಬೇಕಾಗಿ ಬರಲಿಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಹಾಗಂತ ಬೀಗುವುದೂ ಬೇಡ. 1975ರ ಜೂನ್‌ನ ತುರ್ತುಪರಿಸ್ಥಿತಿಗೆ ಸಹಿ ಬಿದ್ದದ್ದು ಸಂವಿಧಾನದ ವಿಧಿಯ ಅಡಿಯಲ್ಲೇ, ಯಾವ ಜನರಲ್‌ನ ನೆರವೂ ಇಲ್ಲದೆ.

ಸೇನೆಯ ಮನುಷ್ಯನೇ ನೇರ ದಾರಿಯಲ್ಲಿ ಹೊರಹೋದ ಉದಾಹರಣೆಯೂ ಒಂದಿದೆ, ಬಾಂಗ್ಲಾದೇಶದಲ್ಲಿ. 1982ರಲ್ಲಿ ದಂಗೆಯಿಂದ ಬಂದ ಜನರಲ್ ಇರ್ಷಾದ್ 1990ರ ಡಿಸೆಂಬರ್‌ನಲ್ಲಿ ಜನರ ಚಳವಳಿಗೆ ಮಣಿಯಬೇಕಾಯಿತು. ವಿರೋಧ ಪಕ್ಷಗಳು ಹಟ ಹಿಡಿದದ್ದು ಎರಡನೇ ಕುರ್ಚಿಯ ಮೇಲೆ. ಮೊದಲು ಉಪಾಧ್ಯಕ್ಷ ಮೌದೂದ್ ಅಹ್ಮದ್ ರಾಜೀನಾಮೆ ಕೊಟ್ಟರು. ಖಾಲಿಯಾದ ಜಾಗಕ್ಕೆ ಇರ್ಷಾದ್ ಎಲ್ಲ ಪಕ್ಷಗಳೂ ಒಪ್ಪಿದ ಮುಖ್ಯ ನ್ಯಾಯಮೂರ್ತಿ ಶಹಾಬುದ್ದೀನ್ ಅಹ್ಮದ್ ಅವರನ್ನು ನೇಮಿಸಿದರು. ಆಮೇಲೆ ಅವರ ಕೈಗೇ ತಮ್ಮ ರಾಜೀನಾಮೆ ಕೊಟ್ಟರು. ಮೂರು ತಿಂಗಳಲ್ಲಿ ಚುನಾವಣೆ ನಡೆಯಿತು.

ಪಾಕಿಸ್ತಾನ 2010ರ 18ನೇ ತಿದ್ದುಪಡಿಯಲ್ಲಿ ಕೋರ್ಟುಗಳ ಕೈಯನ್ನೇ ಕಟ್ಟಿತು: ಸಂವಿಧಾನ ಬುಡಮೇಲು ಮಾಡಿದ್ದನ್ನು ಯಾವ ನ್ಯಾಯಾಲಯವೂ ಊರ್ಜಿತಗೊಳಿಸುವಂತಿಲ್ಲ. ಒಳ್ಳೆಯ ಸಾಲು. ಅಲ್ಲಿ ಈಗ ಟ್ಯಾಂಕಿನ ಅಗತ್ಯವೂ ಉಳಿದಿಲ್ಲ. 2025ರ ನವೆಂಬರ್‌ನ 27ನೇ ತಿದ್ದುಪಡಿ ಸೇನಾ ಮುಖ್ಯಸ್ಥರನ್ನು ಮೂರೂ ಪಡೆಗಳ ಮೇಲೆ ಕೂರಿಸಿ, ಫೀಲ್ಡ್ ಮಾರ್ಷಲ್ ಪದವಿಗೆ ಜೀವನಪರ್ಯಂತ ಮೊಕದ್ದಮೆಯಿಂದ ರಕ್ಷಣೆ ಕೊಟ್ಟಿದೆ. ಎಲ್ಲ ಸಂಸತ್ತಿನಲ್ಲಿ, ಮತ ಹಾಕಿಯೇ.

ಟೋಗೊದಲ್ಲಿ ಆಮೇಲೆ ಏನಾಯಿತು ಎಂದು ಕೇಳಬಹುದು. ನೆರೆಯ ದೇಶಗಳು ಗದರಿದ ಮೇಲೆ ಫೋರ್ ಮೂರು ವಾರಕ್ಕೇ ಕೆಳಗಿಳಿದರು. ಆದರೆ ನಚಾಬಾಗೆ ಅವರ ಕುರ್ಚಿ ಮರಳಿ ಸಿಗಲಿಲ್ಲ. ಸಂಸತ್ತು ಬೇರೆಯವರನ್ನು ಸ್ಪೀಕರ್ ಮಾಡಿ ಅವರನ್ನೇ ಹಂಗಾಮಿ ಅಧ್ಯಕ್ಷರನ್ನಾಗಿಸಿತು. ಏಪ್ರಿಲ್‌ನಲ್ಲಿ ಚುನಾವಣೆ ನಡೆದು ಫೋರ್ ಗೆದ್ದರು. ಆಮೇಲೂ ಗೆಲ್ಲುತ್ತಲೇ ಬಂದರು. 2024ರಲ್ಲಿ ಸಂವಿಧಾನ ಬದಲಾಗಿ ನಿಜವಾದ ಅಧಿಕಾರವೆಲ್ಲ ಮಂತ್ರಿಮಂಡಲದ ಅಧ್ಯಕ್ಷ ಎಂಬ ಹೊಸ ಹುದ್ದೆಗೆ ಹೋಯಿತು. ಅದಕ್ಕೆ ಅವಧಿಯ ಮಿತಿ ಇಲ್ಲ. 2025ರ ಮೇ ತಿಂಗಳಲ್ಲಿ ಫೋರ್ ಆ ಹುದ್ದೆಗೆ ಏರಿದರು. ಹಳೆಯ ಅಧ್ಯಕ್ಷರ ಕುರ್ಚಿಯನ್ನೂ ತೆಗೆದುಹಾಕಿಲ್ಲ. ಬರೀ ಅಲಂಕಾರದ್ದಾದ ಅದರಲ್ಲಿ ಈಗ ಎಂಬತ್ತು ದಾಟಿದ ಮೇಲೆ ಆಯ್ಕೆಯಾದ ಒಬ್ಬ ಹಿರಿಯರನ್ನು ಕೂರಿಸಿದ್ದಾರೆ.